ಗೋಡೆಯೊಳಗೆ ಸಬ್‌ವೂಫರ್ ಕೇಬಲ್: ಡಿಶ್‌ನ ಆರ್‌ಜಿ-6 ಸಾಕಾ, ಬೇರೆ ಏನಾದ್ರೂ ಬೇಕಾ?

ಮಂದ್ರಸ್ಥಾಯಿ ಕೇಳಿದ್ದು:

ಥಿಯೇಟರ್ ರೂಮಿನ ಗೋಡೆಗೆ ಇನ್ನೂ ಪ್ಲಾಸ್ಟರ್ ಆಗಿಲ್ಲ, ಆದರೆ ಗಾರೆ ಕೆಲಸದವರು ಸದ್ಯದಲ್ಲೇ ಶುರು ಮಾಡ್ತಾರೆ. ಅಷ್ಟರೊಳಗೆ ಸಬ್‌ವೂಫರ್ ಲೈನ್ ಎಳೆದು ಮುಗಿಸಬೇಕು. ರಿಸೀವರ್ (ಡಿಶ್ ಬಾಕ್ಸ್ ಅಲ್ಲ, ಸ್ಪೀಕರ್‌ಗಳನ್ನೆಲ್ಲ ನಡೆಸೋ ಥಿಯೇಟರ್ ಆಂಪ್ಲಿಫೈಯರ್) ಕೂರೋದು ಹಿಂದಿನ ಗೋಡೆಯ ಕಪಾಟಿನಲ್ಲಿ. ಸಬ್ ಎರಡು, ಎರಡರೊಳಗೂ ಆಂಪ್ಲಿಫೈಯರ್ ಇದೆ. ಒಂದು ಪರದೆಯ ಕೆಳಗೆ ಅಂತ ಖಚಿತ, ಇನ್ನೊಂದರ ಜಾಗ ಇನ್ನೂ ಗೊತ್ತಿಲ್ಲ. ಗೋಡೆ ಹಿಡಿದು ಸುತ್ತಿಕೊಂಡು ಹೋದರೆ ಉದ್ದನೆಯ ದಾರಿ ಸುಮಾರು 15 ಮೀಟರ್ ಆಗುತ್ತೆ.

ನನ್ನ ಮುಂದಿರೋ ದಾರಿ ಮೂರು. ಡಿಶ್‌ಗೆ ತಂದು ಉಳಿದ ಕ್ವಾಡ್ ಶೀಲ್ಡ್ ಆರ್‌ಜಿ-6 ಸುರುಳಿ ಇದೆ, ಅದನ್ನೇ ಹಾಕೋದು. ಇಲ್ಲಾ, ಎರಡೂ ತುದಿಗೆ ಪ್ಲಗ್ ಕೂರಿಸಿ ಬರೋ ರೆಡಿಮೇಡ್ ಸಬ್‌ವೂಫರ್ ಕೇಬಲ್ ತರೋದು. ಇಲ್ಲಾ, ಉಳಿದ ಸ್ಪೀಕರ್‌ಗಳಿಗೆ ಹಾಕಿರೋ 12 ಗೇಜ್ ವೈರನ್ನೇ ಇದಕ್ಕೂ ಎಳೆಯೋದು. ಎಲೆಕ್ಟ್ರಿಷಿಯನ್ ಹೇಳೋ ಪ್ರಕಾರ "ದಪ್ಪ ಇದ್ದಷ್ಟೂ ಒಳ್ಳೇದು, ಸಬ್‌ನ ಕರೆಂಟ್ ಲೈನ್ ಹೋಗೋ ಪೈಪಿನಲ್ಲೇ ಇದನ್ನೂ ತೂರಿಸಿಬಿಡೋಣ". ಗೋಡೆ ಮುಚ್ಚಿದ ಮೇಲೆ ಮತ್ತೆ ಒಡೆಸೋ ಮಾತೇ ಇಲ್ಲ. ಏನು ಮಾಡಲಿ?

ತಾಮ್ರದತಂತಿ ಉತ್ತರ:

ಸಭಾಂಗಣ, ರೆಕಾರ್ಡಿಂಗ್ ಸ್ಟುಡಿಯೋಗಳಿಗೆ ಆಡಿಯೋ ವೈರಿಂಗ್ ಮಾಡೋದೇ ನನ್ನ ಕೆಲಸ. ಕೇಬಲ್ ವಿಷಯ ಆಮೇಲೆ, ಮೊದಲು ಆ ಪೈಪಿನ ಮಾತು: ಕರೆಂಟ್ ಲೈನ್ ಇರೋ ಪೈಪಿಗೆ ಆಡಿಯೋ ಕೇಬಲ್ ತೂರಿಸಬೇಡಿ. ಒಳಗೆಲ್ಲೋ ಇನ್ಸುಲೇಷನ್ ಉಜ್ಜಿ ಹರಿದರೆ ಮೇನ್ಸ್ ವೋಲ್ಟೇಜ್ ನೇರವಾಗಿ ನಿಮ್ಮ ರಿಸೀವರ್‌ನ ಆರ್‌ಸಿಎ ಸಾಕೆಟ್‌ಗೆ, ಅಂದರೆ ಆಡಿಯೋ ಪ್ಲಗ್ ಚುಚ್ಚೋ ಜಾಗಕ್ಕೆ ಬರುತ್ತೆ, ಕೈ ಇಟ್ಟವರ ಗತಿ ಹೇಳಬೇಕಾಗಿಲ್ಲ. ಬೇರೆ ಪೈಪ್, ನಡುವೆ ಕನಿಷ್ಠ 50 ಮಿಲಿಮೀಟರ್ ಅಂತರ. ಸಮಾನಾಂತರವಾಗಿ ಉದ್ದಕ್ಕೂ ಹೋಗೋದಾದರೆ 30 ಸೆಂಟಿಮೀಟರ್ ಬಿಟ್ಟರೆ ನನಗೆ ಸಮಾಧಾನ. ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿ.

ಸಬ್ ಲೈನಿಗೆ ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಮೇನ್ಸ್‌ನ ಹಮ್, ಅಂದರೆ ಗುಂಯ್ ಅನ್ನೋ ಸದ್ದು, ಇರೋದು 50 ಅಥವಾ 60 ಹರ್ಟ್ಜ್‌ನಲ್ಲಿ, ಅದರ ದುಪ್ಪಟ್ಟು 100 ಅಥವಾ 120ರಲ್ಲಿ. ಸಬ್‌ವೂಫರ್ ಹುಟ್ಟಿರೋದೇ ಆ ಪಟ್ಟಿಯನ್ನು ಜೋರಾಗಿ ನುಡಿಸೋಕೆ. ಪುಟ್ಟ ಸ್ಪೀಕರ್ ನುಂಗಿಕೊಳ್ಳೋ ಹಮ್ಮನ್ನು ಸಬ್ ಊರಿಗೆಲ್ಲ ಸಾರುತ್ತೆ.

ಇನ್ನು ದಪ್ಪದ ಮಾತು. ಆಂಪ್ಲಿಫೈಯರ್ ಸಬ್‌ನೊಳಗೇ ಇರೋದರಿಂದ ಈ ಕೇಬಲ್‌ನಲ್ಲಿ ಹೋಗೋದು ಬರೀ ಲೈನ್ ಲೆವೆಲ್ ಸಿಗ್ನಲ್, ಅಂದರೆ ಇನ್ನೂ ಆಂಪ್ಲಿಫೈ ಆಗದ ಸಣ್ಣ ಸಿಗ್ನಲ್. ಸಬ್‌ನ ಇನ್‌ಪುಟ್ ಇಂಪಿಡೆನ್ಸ್ (ಸಿಗ್ನಲ್‌ಗೆ ಅದು ಒಡ್ಡೋ ರೋಧ) 10 ಕಿಲೋಓಮ್ ಅಂದುಕೊಂಡರೆ 1 ವೋಲ್ಟ್‌ಗೆ ಹರಿಯೋದು 0.1 ಮಿಲಿಆಂಪ್. ಅದಕ್ಕೆ 12 ಗೇಜ್ ಯಾಕೆ? ಮೇಲಾಗಿ ಸ್ಪೀಕರ್ ವೈರಿಗೆ ಶೀಲ್ಡ್, ಅಂದರೆ ಹೊರಗಿನ ಗದ್ದಲ ತಡೆಯೋ ಲೋಹದ ಹೊದಿಕೆ, ಇರಲ್ಲ. ಆಂಪ್ ಇಲ್ಲದ ಪ್ಯಾಸಿವ್ ಸಬ್ ಆಗಿದ್ದರೆ ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದೇ ಸರಿ ಇರ್ತಿತ್ತು.

ಹಾಗಾದರೆ ಬೇಕಿರೋದು ಕೋಆಕ್ಸಿಯಲ್, ಅಂದರೆ ನಡುತಂತಿಯ ಸುತ್ತ ಶೀಲ್ಡ್ ಇರೋ ಕೇಬಲ್, ಆದರೆ ಎಲ್ಲ ಆರ್‌ಜಿ-6 ಒಂದೇ ಅಲ್ಲ. ಕ್ವಾಡ್ ಶೀಲ್ಡ್ ಅಂದರೆ ಎರಡು ಫಾಯಿಲ್, ಎರಡು ಹೆಣಿಗೆ. ಆ ಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂದು, ಒತ್ತಾಗಿಯೂ ಇರಲ್ಲ. ನೂರಾರು ಮೆಗಾಹರ್ಟ್ಜ್ ಡಿಶ್ ಸಿಗ್ನಲ್‌ಗೆ ಅದು ಬೇಕಾದಷ್ಟಾಯ್ತು. 50 ಹರ್ಟ್ಜ್‌ನಲ್ಲಿ ಆಟ ಬೇರೆ. ಅಲ್ಲಿ ಹಮ್ ಬಹುಪಾಲು ಗಾಳಿಯಿಂದ ನುಸುಳಲ್ಲ. ರಿಸೀವರ್‌ನ ಅರ್ತ್‌ಗೂ ಸಬ್‌ನ ಅರ್ತ್‌ಗೂ ನಡುವೆ ಇರೋ ಸಣ್ಣ ವೋಲ್ಟೇಜ್ ವ್ಯತ್ಯಾಸ ಶೀಲ್ಡ್ ಮೂಲಕ ಕರೆಂಟ್ ಹರಿಸುತ್ತೆ. ಆ ಕರೆಂಟನ್ನು ಶೀಲ್ಡ್‌ನ ರೋಧದಿಂದ ಗುಣಿಸಿದಷ್ಟು ವೋಲ್ಟೇಜ್ ನಿಮ್ಮ ಸಿಗ್ನಲ್‌ಗೆ ಸೇರಿಕೊಳ್ಳುತ್ತೆ. 1 ಮಿಲಿಆಂಪ್ ಹರಿದು, ಶೀಲ್ಡ್ 0.3 ಓಮ್ ಇದ್ದರೆ 0.3 ಮಿಲಿವೋಲ್ಟ್ ಹಮ್, ಅಂದರೆ 1 ವೋಲ್ಟ್ ಸಿಗ್ನಲ್‌ಗಿಂತ ಸುಮಾರು 70 ಡೆಸಿಬೆಲ್ ಕೆಳಗೆ. ಶೀಲ್ಡ್ 0.1 ಓಮ್ ಆದರೆ ಅದೇ ಕರೆಂಟ್‌ಗೆ ಇನ್ನೊಂದು 10 ಡೆಸಿಬೆಲ್‌ನಷ್ಟು ಇಳಿಯುತ್ತೆ. ಆದ್ದರಿಂದ ಪದರಗಳ ಲೆಕ್ಕ ಬಿಡಿ, ಹೆಣಿಗೆಯಲ್ಲಿ ತಾಮ್ರ ಎಷ್ಟಿದೆ ನೋಡಿ.

ನಾನು ಹಾಕೋದು ಘನ ತಾಮ್ರದ ನಡುತಂತಿ, 95% ತಾಮ್ರದ ಹೆಣಿಗೆ ಇರೋ ಕೋಆಕ್ಸ್. ಬೆಲ್ಡನ್ 1694ಎ ಅಂಥದ್ದು, ಅದು ಆರ್‌ಜಿ-6. ಅದರ ತೆಳುವಾದ ಅಣ್ಣತಮ್ಮ 1505ಎ, ಆರ್‌ಜಿ-59 ಜಾತಿ, ಬಾಕ್ಸಿನೊಳಗೆ ಬಗ್ಗಿಸೋಕೆ ಸುಲಭ. ಬೇರೆ ಕಂಪನಿಯದಾದರೂ ಅಡ್ಡಿಯಿಲ್ಲ, ಇದೇ ಕಟ್ಟು ಇರಲಿ. ನಿಮ್ಮ ಸುರುಳಿಯ ತುದಿ ಸುಲಿದು ನಡುತಂತಿಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಅದು ತಾಮ್ರ ಲೇಪಿಸಿದ ಉಕ್ಕು. ಹಾಗಂತ ಸಬ್ ನುಡಿಯಲ್ಲ ಅಂತಲ್ಲ, ನುಡಿಯುತ್ತೆ. ಮುಚ್ಚಿಹೋಗೋ ಗೋಡೆಗೆ ನಾನಂತೂ ಹಾಕಲ್ಲ.

ಈ ಕೋಆಕ್ಸ್‌ಗಳ 75 ಓಮ್ ಇಂಪಿಡೆನ್ಸ್ ಬಗ್ಗೆ ಯಾರಾದರೂ ಪಾಠ ಮಾಡಿದರೆ ತಲೆ ಆಡಿಸಿ ಸುಮ್ಮನಿರಿ. 120 ಹರ್ಟ್ಜ್ ಅಲೆಯ ಉದ್ದ ಕೇಬಲ್‌ನಲ್ಲಿ ಸಾವಿರ ಕಿಲೋಮೀಟರ್‌ಗೂ ಹೆಚ್ಚು, ನಿಮ್ಮ 15 ಮೀಟರ್‌ಗೆ ಆ ಲೆಕ್ಕ ಅನ್ವಯಿಸಲ್ಲ.

ಕೊನೇದಾಗಿ ಹೊರಕವಚ. ಗೋಡೆಯೊಳಗೆ ಹೋಗೋದು ಬೆಂಕಿಗೆ ರೇಟಿಂಗ್ ಇರೋ ಕೇಬಲ್ಲೇ ಆಗಿರಬೇಕು. ಅಮೆರಿಕದ ಪದ್ಧತಿಯಲ್ಲಿ ಕವಚದ ಮೇಲೆ ಸಿಎಲ್2, ಸಿಎಲ್3 ಅಥವಾ ಸಿಎಂಆರ್ ಅಂತ ಅಚ್ಚಾಗಿರುತ್ತೆ, ಯೂರೋಪಿನ ಸರಕಿಗೆ ಯೂರೋಕ್ಲಾಸ್ ದರ್ಜೆ ಇರುತ್ತೆ. ಸುಟ್ಟಾಗ ಹೊಗೆ ಕಡಿಮೆ ಬರೋ ಹ್ಯಾಲೊಜನ್ ಇಲ್ಲದ ಕವಚ ಸಿಕ್ಕರೆ ಇನ್ನೂ ಒಳ್ಳೇದು. ರೆಡಿಮೇಡ್ ಕೇಬಲ್‌ಗಳ ಮೇಲೆ ಚಿನ್ನದ ಪ್ಲಗ್ ಹೊಳೆಯುತ್ತೆ, ಈ ಅಚ್ಚು ಮಾತ್ರ ಎಷ್ಟೋ ಸಲ ಇರಲ್ಲ.

ಗುಡುಗುಮೇಳ ಉತ್ತರ:

ತಾಮ್ರದತಂತಿ ಹೇಳಿದ್ದು ಒಪ್ಪುತ್ತೇನೆ, ಆದರೂ ಕೋಆಕ್ಸ್‌ಗೆ ಮುಂಚೆ ಸಬ್‌ನ ಬೆನ್ನು ನೋಡಿ. ಎಕ್ಸ್‌ಎಲ್‌ಆರ್ ಇನ್‌ಪುಟ್ (ಸ್ಟೇಜ್ ಮೈಕ್‌ಗೆ ಹಾಕೋ ಥರದ್ದು) ಇದ್ದರೆ ಶೀಲ್ಡ್ ಇರೋ, ಒಂದಕ್ಕೊಂದು ತಿರುಚಿದ ಜೋಡಿತಂತಿ ಎಳೆಯಿರಿ. ಬ್ಯಾಲೆನ್ಸ್ಡ್ ಲೈನ್‌ನಲ್ಲಿ ಎರಡೂ ತಂತಿಗೆ ಸಮನಾಗಿ ಹತ್ತಿದ ಗದ್ದಲವನ್ನು ಇನ್‌ಪುಟ್ ಕಳೆದುಬಿಡುತ್ತೆ. 15 ಮೀಟರ್ ಏನು, ನೂರು ಮೀಟರ್ ಎಳೆದರೂ ತಲೆಬಿಸಿ ಇಲ್ಲ. ರಿಸೀವರ್‌ನಲ್ಲಿ ಆರ್‌ಸಿಎ ಮಾತ್ರ ಇದ್ದರೂ ಇದೇ ಕೇಬಲ್ ಹಾಕಿ, ಶೀಲ್ಡನ್ನು ಒಂದೇ ತುದಿಗೆ ಕಟ್ಟಿದರೆ ಗ್ರೌಂಡ್ ಲೂಪ್ (ಎರಡು ಅರ್ತ್ ನಡುವೆ ಕೇಬಲ್ ಮೂಲಕ ಕರೆಂಟ್ ಸುತ್ತೋದು) ಕತೆ ಮುಗೀತು.

ತಾಮ್ರದತಂತಿ ಉತ್ತರ:

ಮೊದಲರ್ಧ ಸರಿ. ಎರಡು ಕಡೆಯೂ ಎಕ್ಸ್‌ಎಲ್‌ಆರ್ ಇದ್ದರೆ ನಾನೂ ಅದನ್ನೇ ಹೇಳ್ತೇನೆ. ಎರಡನೇ ಅರ್ಧ ಒಪ್ಪಲ್ಲ. ಎರಡೂ ತುದಿ ಆರ್‌ಸಿಎ ಆದರೆ ಜೋಡಿಯ ಒಂದು ತಂತಿ ರಿಸೀವರ್ ಗ್ರೌಂಡನ್ನು ಸಬ್‌ನ ಗ್ರೌಂಡಿಗೆ ಕಟ್ಟೇ ಕಟ್ಟುತ್ತೆ. ಲೂಪ್ ಎಲ್ಲಿಗೂ ಹೋಗಲ್ಲ. ಬದಲಿಗೆ ದಪ್ಪ ಹೆಣಿಗೆ ಮಾಡಬೇಕಿದ್ದ ಕೆಲಸವನ್ನು ಒಂದು ಸಣ್ಣ ತಂತಿಗೆ ಒಪ್ಪಿಸಿದ ಹಾಗಾಗುತ್ತೆ.

ಸಬ್‌ಗೆ ಎರಡು ಪಿನ್ನಿನ ಪ್ಲಗ್ ಇದ್ದರೆ ಈ ಚರ್ಚೆಯೇ ಬಹುತೇಕ ಬೇಡ, ಅರ್ತ್ ಇಲ್ಲದ ಕಡೆ ಆ ಲೂಪ್ ಕೂಡೋದು ಕಷ್ಟ. ಮೂರು ಪಿನ್ ಇದ್ದು ಹಮ್ ಬಂದರೆ ಮೊದಲು ರಿಸೀವರ್‌ನಿಂದ ಡಿಶ್ ಅಥವಾ ಕೇಬಲ್ ಟಿವಿ ಬಾಕ್ಸ್ ಬಿಚ್ಚಿ ನೋಡಿ, ಎಷ್ಟೋ ಕಡೆ ಕಳ್ಳ ಅಲ್ಲೇ ಸಿಗ್ತಾನೆ. ಆಮೇಲೂ ಉಳಿದರೆ ಆಡಿಯೋ ಲೈನಿಗೆ ಹಾಕೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಪುಟ್ಟ ಅಗ್ಗದವು ಬೇಡ, ಅವುಗಳ ಕೋರ್ ತಗ್ಗಿನ ಸ್ವರಕ್ಕೆ ಸ್ಯಾಚುರೇಟ್ ಆಗಿ ನಿಮಗೆ ಬೇಕಿರೋ 20, 30 ಹರ್ಟ್ಜನ್ನೇ ತಿಂದುಹಾಕುತ್ತೆ. ಅರ್ತ್ ಪಿನ್ ಮುರಿಯೋ ಸಲಹೆ ಎಲ್ಲಾದರೂ ಸಿಕ್ಕರೆ ಅದನ್ನು ಕೊಟ್ಟವರಿಂದ ದೂರ ಇರಿ.

ಗಾಳಿಸುದ್ದಿ ಉತ್ತರ:

ಇಷ್ಟೆಲ್ಲ ಯಾಕೆ, ವೈರ್‌ಲೆಸ್ ಕಿಟ್ ಹಾಕಿ ಮುಗಿಸಿ!

ಗುಡುಗುಮೇಳ ಉತ್ತರ:

ಸಬ್‌ಗೆ ಕರೆಂಟ್ ವೈರ್ ಹೇಗೂ ಬೇಕಲ್ಲ ಮಾರಾಯ್ರೇ. ಕಿಟ್‌ನಲ್ಲಿ ತಡವೂ ಇರುತ್ತೆ. 20 ಮಿಲಿಸೆಕೆಂಡ್ ಅಂದರೆ ಸಬ್ಬನ್ನು ಸುಮಾರು 7 ಮೀಟರ್ ಹಿಂದಕ್ಕೆ ತಳ್ಳಿದ ಹಾಗೆ, ರಿಸೀವರ್‌ನ ಡಿಸ್ಟೆನ್ಸ್ ಸೆಟ್ಟಿಂಗ್‌ನಲ್ಲಿ ಅಷ್ಟನ್ನು ಸರಿದೂಗಿಸಬೇಕು. ಗೋಡೆ ಮುಚ್ಚಿದವರಿಗೆ ಅದು ದಾರಿ. ಇವರ ಗೋಡೆ ತೆರೆದೇ ಇದೆ.

ಮಂದ್ರಸ್ಥಾಯಿ ಉತ್ತರ:

ಅಯಸ್ಕಾಂತ ಗಟ್ಟಿಯಾಗಿ ಅಂಟಿತು! ಸುರುಳಿ ವಾಪಸ್ ಅಟ್ಟಕ್ಕೆ. ರಿಸೀವರ್‌ನಲ್ಲಿ ಇರೋದು ಆರ್‌ಸಿಎ ಮಾತ್ರ, ಸಬ್ ಮೂರು ಪಿನ್ನಿಂದು. ತಾಮ್ರದ ಹೆಣಿಗೆಯ ಆರ್‌ಜಿ-59 ಅಂತ ತೀರ್ಮಾನ ಮಾಡಿದೆ. ಉಳಿದಿರೋ ಅನುಮಾನ ಎರಡು. 15 ಮೀಟರ್‌ಗೆ ಕೆಪಾಸಿಟೆನ್ಸ್ ಜಾಸ್ತಿಯಾಗಿ ಸ್ವರ ಮಂಕಾಗುತ್ತಾ? ಎರಡನೇ ಸಬ್‌ನ ಜಾಗ ಗೊತ್ತಿಲ್ಲದೇ ಕೇಬಲ್ ಎಲ್ಲಿಗೆ ಎಳೆಯೋದು?

ತಾಮ್ರದತಂತಿ ಉತ್ತರ:

ಕೆಪಾಸಿಟೆನ್ಸ್ ಮರೆತುಬಿಡಿ. ಮೀಟರ್‌ಗೆ 55 ಪಿಕೋಫ್ಯಾರಡ್ ಹಿಡಿದರೆ 15 ಮೀಟರ್‌ಗೆ 825. ರಿಸೀವರ್‌ನ ಔಟ್‌ಪುಟ್ ಇಂಪಿಡೆನ್ಸ್ 1 ಕಿಲೋಓಮ್ ಇದ್ದರೂ ಸಿಗ್ನಲ್ ಕುಗ್ಗೋಕೆ ಶುರುವಾಗೋದು 190 ಕಿಲೋಹರ್ಟ್ಜ್ ಆಸುಪಾಸು. ಸಬ್‌ನ ಎಲ್‌ಎಫ್‌ಇ ಚಾನೆಲ್ (ಸಿನಿಮಾದ ತಗ್ಗಿನ ಸ್ವರಕ್ಕೆ ಅಂತಲೇ ಇರೋದು) 120 ಹರ್ಟ್ಜ್‌ಗೇ ಮುಗಿದುಹೋಗುತ್ತೆ.

ಎರಡನೇ ಪ್ರಶ್ನೆ ಕೇಬಲ್ ಜಾತಿಗಿಂತ ದೊಡ್ಡದು. ಸಬ್ ಎಲ್ಲಿ ಚೆನ್ನಾಗಿ ನುಡಿಯುತ್ತೆ ಅನ್ನೋದು ಖಾಲಿ ರೂಮಿನಲ್ಲಿ ಗೊತ್ತಾಗಲ್ಲ, ಸೋಫಾ ಬಂದಮೇಲೆ ಜಾಗ ಬದಲಾಗಿಯೇ ಆಗುತ್ತೆ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಯತಾಕಾರದ ರೂಮುಗಳಲ್ಲಿ ಹಲವು ಸಬ್ ಇಡೋ ಬಗ್ಗೆ ಲೆಕ್ಕ ಹಾಕಿ ಪ್ರಬಂಧ ಮಂಡಿಸಿದ್ದರು. ಎರಡೇ ಸಬ್ ಇದ್ದಾಗ ಎದುರುಬದುರು ಗೋಡೆಗಳ ನಡುಮಧ್ಯ ಒಳ್ಳೆಯ ಜಾಗ ಅಂತ ಅದರಲ್ಲಿ ಕಂಡಿತ್ತು. ನಿಮ್ಮ ಮೊದಲ ಸಬ್ ಪರದೆಯ ಕೆಳಗೆ, ಅಂದರೆ ಮುಂದಿನ ಗೋಡೆಯ ಮಧ್ಯ. ಹಾಗಾದರೆ ಹಿಂದಿನ ಗೋಡೆಯ ಮಧ್ಯಕ್ಕೆ ಒಂದು ಪಾಯಿಂಟ್ ಇರಲೇಬೇಕು. ಎರಡು ಪಕ್ಕದ ಗೋಡೆಗಳ ಮಧ್ಯಕ್ಕೂ ಒಂದೊಂದು ಕೊಟ್ಟುಬಿಡಿ, ಪ್ರತಿ ಪಾಯಿಂಟ್ ಹತ್ತಿರ ಕರೆಂಟ್ ಸಾಕೆಟ್ ಸಹಿತ. ಎಲ್ಲ ಲೈನೂ ನೇರವಾಗಿ ಕಪಾಟಿಗೇ ಬರಲಿ, ಗೋಡೆಯೊಳಗೆ ಎಲ್ಲೂ ಜಾಯಿಂಟ್ ಬೇಡ, ಕವಲೂ ಬೇಡ.

ಕೇಬಲನ್ನು ಗಾರೆಯಲ್ಲಿ ಹೂಳೋ ಬದಲು 25 ಮಿಲಿಮೀಟರ್ ಪೈಪ್ ಹಾಕಿ. ಮೂಲೆಗಳಲ್ಲಿ ಚೂಪು ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ. ಕೇಬಲ್ ದಪ್ಪದ ಹತ್ತರಷ್ಟು ತ್ರಿಜ್ಯ ಅಂತ ಅಂದಾಜು ಇಟ್ಟುಕೊಂಡರೆ 6 ಮಿಲಿಮೀಟರ್ ಆರ್‌ಜಿ-59ಗೆ 60 ಮಿಲಿಮೀಟರ್ ಆಯ್ತು. ಕೇಬಲ್ ಎಳೆಯುವಾಗ ಜೊತೆಗೊಂದು ನೈಲಾನ್ ದಾರ ಬಿಟ್ಟುಬಿಡಿ, ಮುಂದೆ ಎಕ್ಸ್‌ಎಲ್‌ಆರ್ ಬೇಕು ಅನಿಸಿದರೆ ಅದರಲ್ಲೇ ಎಳೆದುಕೊಳ್ಳಬಹುದು. ರೆಡಿಮೇಡ್ ಕೇಬಲ್ ಬೇಡ ಅನ್ನೋಕೆ ನನ್ನ ದೊಡ್ಡ ಕಾರಣವೂ ಇಲ್ಲೇ ಇದೆ. ಬೆಂಡ್‌ಗಳಲ್ಲಿ ಕೇಬಲ್ ಸಲೀಸಾಗಿ ಹೋಗಿ ಪ್ಲಗ್ ಸಿಕ್ಕಿಕೊಳ್ಳುತ್ತೆ, ಆನೆ ಹೋಗಿ ಬಾಲ ಸಿಕ್ಕಿಕೊಂಡ ಹಾಗೆ. ಬರೀ ಕೇಬಲ್ ಎಳೆದು, ಆಮೇಲೆ ಕಂಪ್ರೆಷನ್ ಆರ್‌ಸಿಎ ಪ್ಲಗ್ ಕೂರಿಸಿ. ಪ್ಲಗ್ ನಿಮ್ಮ ಕೇಬಲ್‌ನ ಅಳತೆಯದ್ದೇ ಆಗಿರಲಿ, ಆರ್‌ಜಿ-6ರದ್ದು 59ಕ್ಕೆ ಹಿಡಿಯಲ್ಲ.

ಮಂದ್ರಸ್ಥಾಯಿ ಉತ್ತರ:

ಹಾಗಾದರೆ ಕಪಾಟಿನಿಂದ ನಾಲ್ಕು ಪೈಪ್. ಪ್ಲಾಸ್ಟರ್‌ಗೆ ಮುಂಚೆ ಪರೀಕ್ಷೆ ಹೇಗೆ ಮಾಡಲಿ? ಸಬ್ ಇನ್ನೂ ಡಬ್ಬದಲ್ಲೇ ಇದೆ.

ತಾಮ್ರದತಂತಿ ಉತ್ತರ:

ಸಬ್ ಬೇಡ, ಮಲ್ಟಿಮೀಟರ್ ಸಾಕು. ಎರಡೂ ತುದಿ ಬಿಟ್ಟಾಗ ನಡುತಂತಿಗೂ ಶೀಲ್ಡಿಗೂ ನಡುವೆ ಪೂರ್ತಿ ಓಪನ್ ಇರಬೇಕು. ಆಚೆ ತುದಿಯಲ್ಲಿ ಎರಡನ್ನೂ ಮುಟ್ಟಿಸಿ ಹಿಡಿದರೆ ಈಚೆ ಒಂದು ಓಮ್ ಒಳಗೆ ತೋರಿಸಬೇಕು, ಮೀಟರ್‌ನ ಸ್ವಂತ ವೈರಿನ ರೋಧ ಕಳೆಯೋದು ಮರೀಬೇಡಿ. ಪ್ಲಾಸ್ಟರ್ ಆದಮೇಲೆ ಇನ್ನೊಮ್ಮೆ ಇದನ್ನೇ ಮಾಡಿ, ಮೊಳೆ ಹೊಡೆದವರು ಗೋಡೆ ಕೇಳಿ ಹೊಡೆದಿರಲ್ಲ. ಪೈಪಿನ ಬಾಯಿಗಳನ್ನು ಟೇಪಿನಿಂದ ಮುಚ್ಚಿ, ಇಲ್ಲದಿದ್ದರೆ ಗಾರೆ ತುಂಬಿಕೊಳ್ಳುತ್ತೆ. ಎರಡೂ ತುದಿಗೆ ಹೆಸರು ಬರೆದು ಅಂಟಿಸಿ. ಗೋಡೆಗೆ ಅಳತೆ ಟೇಪ್ ಆನಿಸಿ, ಪೈಪ್ ಹೋದ ದಾರಿಯುದ್ದಕ್ಕೂ ಫೋಟೋ ತೆಗೆದಿಟ್ಟುಕೊಳ್ಳಿ.