ಪಶ್ಚಿಮಕ್ಕೆ ಮುಖ ಮಾಡಿದ ಕಚೇರಿಗೆ ಎರಡು ಪದರದ ಗಾಜಿನ ಮುಂಭಾಗ ಹೊಂದುತ್ತದೆಯೇ?

ಪ್ರಶ್ನೆ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಬದಿಯಲ್ಲಿ ಆರು ಅಂತಸ್ತಿನ ಕಚೇರಿ ಕಟ್ಟಡವೊಂದನ್ನು ವಿನ್ಯಾಸಗೊಳಿಸುತ್ತಿದ್ದೇವೆ. ಅದರ ಉದ್ದನೆಯ ಮುಖ ಪಶ್ಚಿಮಕ್ಕಿದೆ. ಫ್ರಾಂಕ್‌ಫರ್ಟ್‌ನ ಕಾಮರ್ಜ್‌ಬ್ಯಾಂಕ್ ಗೋಪುರವನ್ನು ನೋಡಿ ಬಂದ ಮಾಲೀಕರು ಅಂಥದೇ ಡಬಲ್ ಸ್ಕಿನ್ ಮುಂಭಾಗ, ಅಂದರೆ ನಡುವೆ ಜಾಗ ಬಿಟ್ಟು ನಿಲ್ಲಿಸಿದ ಎರಡು ಪದರದ ಗಾಜಿನ ಗೋಡೆ, ಬೇಕೆನ್ನುತ್ತಿದ್ದಾರೆ. ಎರಡು ಗಾಜುಗಳ ನಡುವಿನ ಗಾಳಿಯೇ ಬಿಸಿಲನ್ನು ತಡೆಯುತ್ತದೆಂಬುದು ಅವರ ತಿಳಿವಳಿಕೆ. ಏಸಿಯ ಹೊರೆ ನಿಜಕ್ಕೂ ಇಳಿಯುವುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಗಾಳಿಯ ಪದರವು ಒಳಗಿನ ಬೆಚ್ಚನೆಯನ್ನು ಹಿಡಿದಿಡಬಲ್ಲದೇ ಹೊರತು ನೇರ ಬಿಸಿಲನ್ನು ತಡೆಯಲಾರದು. 1903ರಲ್ಲಿ ಜರ್ಮನಿಯ ಗೀಂಗೆನ್‌ನಲ್ಲಿ ಸ್ಟೈಫ್ ಗೊಂಬೆ ಕಾರ್ಖಾನೆಗೆ ಇಂಥ ಗೋಡೆಯನ್ನು ಕಟ್ಟಿದ್ದು ಚಳಿನಾಡಿನಲ್ಲಿ ಹಗಲಿನ ಬೆಳಕು ಧಾರಾಳವಾಗಿ ಸಿಗಲೆಂದು. 1997ರಲ್ಲಿ ಪೂರ್ಣಗೊಂಡ ಕಾಮರ್ಜ್‌ಬ್ಯಾಂಕ್ ಗೋಪುರ 259 ಮೀಟರ್ ಎತ್ತರದ್ದು. ಅಲ್ಲಿ ಹೊರಗಾಜು ಗಾಳಿಯ ರಭಸವನ್ನು ಮುರಿಯುವುದರಿಂದಲೇ ನೌಕರರು ಒಳಗಿನ ಕಿಟಕಿಗಳನ್ನು ತೆರೆಯಬಲ್ಲರು. ನಿಮ್ಮ ಕಟ್ಟಡಕ್ಕೆ ಆ ಚಳಿಯ ಕಾಟವೂ ಇಲ್ಲ, ಆ ಗಾಳಿಯ ಕಾಟವೂ ಇಲ್ಲ.

ಬಿಸಿಲನ್ನು ತಡೆಯುವ ಕೆಲಸ ನಡುವಿನ ಜಾಗದಲ್ಲಿ ಇಳಿಬಿಡುವ ಬ್ಲೈಂಡ್‌ಗಳದು (ಪಟ್ಟಿಪರದೆಗಳದು). ಅವು ಬಿಸಿಲಿಗೆ ಕಾದು ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತವೆ. ಕೆಳಗೂ ಮೇಲೂ ಸಾಕಷ್ಟು ಅಗಲದ ತೆರಪುಗಳಿದ್ದರೆ ಆ ಗಾಳಿ ತಾನಾಗಿ ಮೇಲೇರಿ ಹೊರಹೋಗುತ್ತದೆ, ಇಲ್ಲವಾದರೆ ಅಲ್ಲೇ ನಿಂತು ಒಳಗಾಜನ್ನು ಕಾಯಿಸುತ್ತದೆ. ಆದ್ದರಿಂದ ಬ್ಲೈಂಡ್‌ಗಳು ಹೊರಗಾಜಿನ ಕಡೆಗಿರಬೇಕು, ಅವುಗಳ ಎರಡೂ ಬದಿಯಲ್ಲಿ ಗಾಳಿಯಾಡಬೇಕು.

ಉತ್ತರ 2

ಮೇಲಿನ ಮಾತಿಗೆ ಬೆಂಕಿಯ ವಿಚಾರವನ್ನು ಸೇರಿಸಲೇಬೇಕು. ಕೆಳಗಿನಿಂದ ತಾರಸಿಯವರೆಗೆ ಅಡೆತಡೆಯಿಲ್ಲದೆ ತೆರೆದಿರುವ ನಡುಜಾಗ ಹೊಗೆಗೊಳವೆಯಾಗಿಬಿಡುತ್ತದೆ. ಎರಡನೇ ಮಹಡಿಯಲ್ಲಿ ಬೆಂಕಿ ಹೊತ್ತಿಕೊಂಡರೆ ಹೊಗೆ ಐದನೆಯದಕ್ಕೆ ನುಗ್ಗಲು ದಾರಿ ಸಿದ್ಧವಾಗಿರುತ್ತದೆ. ಪ್ರತಿ ಮಹಡಿಗೂ ಅಡ್ಡಪದರ ಹಾಕಿದರೆ ಈ ಅಪಾಯ ತಗ್ಗುತ್ತದೆ, ಆದರೆ ಕೆಳಮಹಡಿ ಬಿಟ್ಟ ಬಿಸಿಗಾಳಿಯನ್ನೇ ಮೇಲಿನದು ಒಳಗೆಳೆದುಕೊಳ್ಳದಂತೆ ತೆರಪುಗಳನ್ನು ಅಕ್ಕಪಕ್ಕಕ್ಕೆ ಸರಿಸಿ ಇಡಬೇಕಾಗುತ್ತದೆ. ನಮ್ಮ ರಸ್ತೆಗಳ ಧೂಳನ್ನೂ ಲೆಕ್ಕಕ್ಕೆ ಹಿಡಿಯಿರಿ: ಒರೆಸಬೇಕಾದ ಗಾಜಿನ ಮೈ ಇಮ್ಮಡಿಯಾಗುತ್ತದೆ, ಒಳಗೆ ನಿಂತು ಒರೆಸಲು ಜಾಲರಿಯ ಓಡಾಟದ ಹಲಗೆಯೂ ಬೇಕು.

ಉತ್ತರ 3

ಮಾಲೀಕರಿಗೆ ಪ್ಯಾರಿಸ್‌ನ ಸಿಟೆ ದ ರೆಫ್ಯೂಜ್ ಎಂಬ ನಿರ್ಗತಿಕರ ವಸತಿಗೃಹದ ಕಥೆಯನ್ನು ಹೇಳಿ. ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಅದಕ್ಕೆ ಎರಡು ಪದರದ ಗೋಡೆಯನ್ನೂ ತಂಪು ಗಾಳಿಯನ್ನೂ ಯೋಜಿಸಿದ್ದರೂ, 1933ರಲ್ಲಿ ಎದ್ದು ನಿಂತದ್ದು ತೆರೆಯಲಾಗದ ಒಂಟಿ ಗಾಜಿನ ಮುಖ. ಬೇಸಿಗೆಯಲ್ಲಿ ಒಳಗಿದ್ದವರು ಬೆಂದುಹೋದರು, ಮುಂದೆ ಅದರ ಹೊರಮೈಗೆ ಬಿಸಿಲು ತಡೆಗಳನ್ನೇ ಕಟ್ಟಬೇಕಾಯಿತು.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಹೊರಪದರ ಗಾಜಿನದಾಗಬೇಕಿಲ್ಲ. ಜೈಪುರದ ಪರ್ಲ್ ಅಕಾಡೆಮಿ ಕಟ್ಟಡದಲ್ಲಿ ಒಳಗೋಡೆಯಿಂದ ದೂರ ಸರಿದು ನಿಂತಿರುವ ಜಾಲಿಯೇ (ತೂತುಗಳಿರುವ ಪರದೆಗೋಡೆಯೇ) ಎರಡನೆಯ ಚರ್ಮದಂತೆ ಕೆಲಸ ಮಾಡುತ್ತದೆ. ಪಶ್ಚಿಮದ ಸಂಜೆ ಬಿಸಿಲು ತಗ್ಗಿನಿಂದ ನೇರವಾಗಿ ಬೀಳುವುದರಿಂದ ಕಿಟಕಿಯ ಮೇಲಿನ ಸಜ್ಜಾ ಹೆಚ್ಚು ಉಪಕಾರಿಯಲ್ಲ. ಜಾಲಿ ಅಥವಾ ಓರೆಯಾಗಿ ನಿಲ್ಲಿಸಿದ ಪಟ್ಟಿಗಳು ಮೇಲು. ವಾಹನಗಳ ಸದ್ದನ್ನು ತಡೆಯುವುದೇ ಮುಖ್ಯ ಉದ್ದೇಶವಾಗಿದ್ದರೆ ಮಾತ್ರ ಹೊರಗಾಜಿಗೆ ಅರ್ಥವಿದೆ, ಅದೂ ರಸ್ತೆಗೆ ಹತ್ತಿರವಿರುವ ಕೆಳಮಹಡಿಗಳಲ್ಲಿ. ಕಟ್ಟಡದಿಂದ ರಸ್ತೆ ಎಷ್ಟು ದೂರದಲ್ಲಿದೆ ಎಂದು ತಿಳಿಸಿದರೆ ಮುಂದಿನದನ್ನು ಚರ್ಚಿಸಬಹುದು.