ಪೊರೆ, ಗ್ಲಾಕೋಮಾ, ಲೇಸಿಕ್: ಯಾವ ಶಸ್ತ್ರಚಿಕಿತ್ಸೆ ಯಾವುದಕ್ಕೆ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನ್ನ ತಾಯಿಯ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದೆ. ಜೊತೆಗೆ ಗ್ಲಾಕೋಮಾ ಕೂಡ ಇದೆಯೆಂದು ತಪಾಸಣೆಯಲ್ಲಿ ಗೊತ್ತಾಯಿತು. ಪೊರೆಯನ್ನು ಲೇಸರ್‌ನಲ್ಲಿ ತೆಗೆಸಿದರೆ ಎರಡೂ ಒಟ್ಟಿಗೆ ವಾಸಿಯಾಗುತ್ತವೆಯೇ? ಪೊರೆ ಚೆನ್ನಾಗಿ ಬಲಿಯುವವರೆಗೆ ಕಾಯಬೇಕೆಂದು ಬಂಧುಗಳು ಹೇಳುತ್ತಿರುವುದು ಸರಿಯೇ?

ಉತ್ತರ: ನಮಸ್ಕಾರ. ಎರಡೂ ಒಂದೇ ಕಣ್ಣಿನಲ್ಲಿದ್ದರೂ ತೊಂದರೆ ಇರುವ ಜಾಗ ಬೇರೆ ಬೇರೆ. ಪೊರೆಯೆಂದರೆ ಕಣ್ಣುಪಾಪೆಯ ಹಿಂದಿರುವ ಮಸೂರವೇ ಮಬ್ಬಾಗುವುದು. ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ. ಈಗ ಹೆಚ್ಚಾಗಿ ಮಾಡುವ ಫೇಕೋ ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನು ಒಡೆಯುವುದು ಲೇಸರ್ ಅಲ್ಲ, ಅಲ್ಟ್ರಾಸೌಂಡ್ ಕಂಪನ. 2–3 ಮಿಲಿಮೀಟರಿನ ಸೀಳಿನ ಮೂಲಕ ತೆಳ್ಳನೆಯ ಉಪಕರಣವನ್ನು ಒಳಗಿಳಿಸಿ, ಚೂರುಗಳನ್ನು ಹೀರಿ ತೆಗೆದು, ಮಸೂರವಿದ್ದ ಚೀಲವನ್ನು ಹಾಗೆಯೇ ಉಳಿಸಿಕೊಂಡು, ಮಡಿಸಿದ ಕೃತಕ ಲೆನ್ಸನ್ನು ಅದರೊಳಗೆ ಬಿಟ್ಟರೆ ಅದು ನಿಧಾನವಾಗಿ ತಾನೇ ಬಿಚ್ಚಿಕೊಳ್ಳುತ್ತದೆ. ಕಣ್ಣಿನೊಳಗೆ ಕೃತಕ ಲೆನ್ಸನ್ನು ಮೊದಲು ಅಳವಡಿಸಿದವರು ಲಂಡನ್ನಿನ ನೇತ್ರವೈದ್ಯ ಹೆರಾಲ್ಡ್ ರಿಡ್ಲೆ, 1949ರಲ್ಲಿ. ಅದಕ್ಕೂ ಮೊದಲು ಪೊರೆ ತೆಗೆಸಿಕೊಂಡವರಿಗೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು.

ಬಲಿಯಲೆಂದು ಕಾಯುವುದು ಹಳೆಯ ಕಾಲದ ಮಾತು. ಮಸೂರ ಗಟ್ಟಿಯಾದಷ್ಟೂ ಹೆಚ್ಚು ಕಂಪನ ಬೇಕಾಗುತ್ತದೆ, ಅದರಿಂದ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಹಾನಿಯಾಗುವ ಸಂಭವವೂ ಹೆಚ್ಚುತ್ತದೆ. ಓದುವುದಕ್ಕೋ ಓಡಾಡುವುದಕ್ಕೋ ತೊಡಕಾಗುತ್ತಿದ್ದರೆ ಮಾಡಿಸಬಹುದು.

ಗ್ಲಾಕೋಮಾದಲ್ಲಿ ಹಾಳಾಗುವುದು ದೃಷ್ಟಿನರ, ಮತ್ತು ಒಮ್ಮೆ ಹೋದ ದೃಷ್ಟಿಯನ್ನು ಯಾವ ಶಸ್ತ್ರಚಿಕಿತ್ಸೆಯೂ ಮರಳಿ ತರಲಾರದು. ಹನಿಗಳು, ಲೇಸರ್ ಅಥವಾ ಒಳಗಿನ ದ್ರವ ಹರಿದುಹೋಗಲು ಹೊಸ ದಾರಿ ಮಾಡಿಕೊಡುವ ಟ್ರಾಬೆಕ್ಯುಲೆಕ್ಟಮಿ, ಇವೆಲ್ಲವೂ ಕಣ್ಣಿನ ಒತ್ತಡವನ್ನು ಇಳಿಸಿ ಉಳಿದಿರುವ ದೃಷ್ಟಿಯನ್ನು ಕಾಯುವುದಕ್ಕಾಗಿ ಇರುವಂಥವು. ಪೊರೆ ತೆಗೆದಾಗ ಕೆಲವರಲ್ಲಿ ಒತ್ತಡ ಸ್ವಲ್ಪ ಇಳಿಯುವುದುಂಟು. ಹಾಗೆಂದು ವೈದ್ಯರನ್ನು ಕೇಳದೆ ಹನಿಗಳನ್ನು ನಿಲ್ಲಿಸಬೇಡಿ.

ಮರುಪ್ರಶ್ನೆ: ನನ್ನ ತಮ್ಮ ಕನ್ನಡಕ ಬಿಡಲು ಲೇಸಿಕ್ ಮಾಡಿಸಿಕೊಳ್ಳಬೇಕೆಂದಿದ್ದಾನೆ. ಮುಂದೆ ಅವನಿಗೆ ಪೊರೆಯ ಕಾಟ ತಪ್ಪುತ್ತದೆಯೇ?

ಉತ್ತರ: ತಪ್ಪುವುದಿಲ್ಲ. ಲೇಸಿಕ್‌ನಲ್ಲಿ ಲೇಸರ್ ತಿದ್ದುವುದು ಕಾರ್ನಿಯಾದ ಬಾಗನ್ನು ಮಾತ್ರ. ಮಸೂರದ ತಂಟೆಗೆ ಅದು ಹೋಗುವುದಿಲ್ಲ. ನಲವತ್ತು ದಾಟಿದ ಮೇಲೆ ಓದುವ ಕನ್ನಡಕವೂ ಬೇಕಾಗಬಹುದು. ಕಾರ್ನಿಯಾ ತೆಳುವಾಗಿದ್ದರೆ ಅಥವಾ ಶಂಕುವಿನಂತೆ ಮುಂಚಾಚಿದ್ದರೆ ಲೇಸಿಕ್ ಬೇಡವೇ ಬೇಡ. ಇನ್ನೊಂದು ಮಾತನ್ನು ಹೆಚ್ಚಿನವರು ಮರೆಯುತ್ತಾರೆ: ಶಸ್ತ್ರಚಿಕಿತ್ಸೆಗೆ ಮುಂಚಿನ ಕಾರ್ನಿಯಾದ ಅಳತೆಗಳನ್ನು ಜೋಪಾನವಾಗಿಟ್ಟುಕೊಳ್ಳಲಿ, ಏಕೆಂದರೆ ಮುಂದೆ ಪೊರೆ ಬಂದಾಗ ಕೃತಕ ಲೆನ್ಸಿನ ಪವರ್ ಲೆಕ್ಕಹಾಕಲು ಅವು ನೆರವಾಗುತ್ತವೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನಿನ್ನೆಯಿಂದ ಕಣ್ಣಿನಲ್ಲಿ ಮಿಂಚು ಹೊಡೆದಂತಾಗುತ್ತಿದೆ, ಕಪ್ಪು ಚುಕ್ಕೆಗಳೂ ತೇಲುತ್ತಿವೆ. ಮುಂದಿನ ವಾರ ತೋರಿಸಿದರೆ ಸಾಕೇ?

ಉತ್ತರ: ಸಾಲದು, ದಯವಿಟ್ಟು ಇಂದೇ ತೋರಿಸಿ. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ಹರಿದಿರಬಹುದು. ಬರಿಯ ಹರಿದಿದ್ದಷ್ಟೇ ಆದರೆ ಅದರ ಸುತ್ತ ಲೇಸರ್ ಹಾಕಿ ಭದ್ರಪಡಿಸಬಹುದು. ರೆಟಿನಾ ಕಳಚಿಕೊಂಡರೆ ಹಲವರಿಗೆ ವಿಟ್ರೆಕ್ಟಮಿ (ಕಣ್ಣಿನೊಳಗಿನ ಲೋಳೆಯಂಥ ವಸ್ತುವನ್ನು ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿ, ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಬೇಕಾಗುತ್ತದೆ. ಆಮೇಲೆ ವೈದ್ಯರು ಹೇಳಿದ ಭಂಗಿಯಲ್ಲೇ ತಲೆಯಿಟ್ಟು ಹಲವು ದಿನ ಇರಬೇಕಾಗಬಹುದು, ಗುಳ್ಳೆ ಕರಗುವವರೆಗೆ ವಿಮಾನಪ್ರಯಾಣವೂ ಕೂಡದು. ಬದಿಯಿಂದ ಪರದೆ ಇಳಿದಂತೆ ಕತ್ತಲು ಕಂಡರಂತೂ ಗಂಟೆಗಳ ಲೆಕ್ಕದಲ್ಲೇ ಆಸ್ಪತ್ರೆ ಸೇರಬೇಕು.