ಗದಗಿನಿಂದ ಇಬ್ಬರು, ಎರಡು ರಾತ್ರಿ, 5,000 ರೂಪಾಯಿ: ಗದ್ದಲ ಇಲ್ಲದ ಬೀಚ್ ಯಾವುದ್ರಿ?

ಬೆಟಗೇರಿ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ಜನವರಿ ಕಡೀ ವಾರ ಗೆಳೆಯನ ಜೋಡಿ ಸಮುದ್ರದ ಕಡೆ ಹೊಂಟೀವಿ. ಗದಗಿನಿಂದ ಹೊರಡೂದು, ಎರಡು ರಾತ್ರಿ ಇರೂದು. ಇಬ್ಬರಿಗೂ ಕೂಡಿ 5,000 ದಾಟಬಾರದು. ಗಾಡಿ ಇಲ್ಲ, ಬಸ್ಸೇ ಗತಿ. ಯಾರನ್ನ ಕೇಳಿದ್ರೂ ಗೋಕರ್ಣದ ಓಂ ಬೀಚ್, ಕುಡ್ಲೆ ಬೀಚ್ ಅಂತಾರ. ನಮಗ ಅಂಗಡಿ, ಹಾಡು, ಸ್ಪೀಡ್ ಬೋಟು ಇಲ್ಲದ ದಂಡಿ ಬೇಕು. ಉಸುಕು, ತೆಂಗಿನ ತೋಟ ಇದ್ರ ಸಾಕು. ಗೆಳೆಯಗ ಈಜು ಬರೂದಿಲ್ಲ, ನಂದು ಬಾವ್ಯಾಗ ಕಲಿತ ಈಜು. ದಂಡಿ ಮ್ಯಾಲೆ ಟೆಂಟ್ ಹೊಡದ್ರ ರೂಮಿನ ರೊಕ್ಕ ಉಳೀತೈತೇನು?

ಉಣಕಲ್ ಕೆರಿ ದಂಡಿ:
ಗೋಕರ್ಣ ಊರು ಬಿಟ್ಟು ತೆಂಕಣಕ್ಕ ಸರೀರಿ. ತದಡಿ ಹತ್ರ ಅಘನಾಶಿನಿ ಹೊಳಿ ಸಮುದ್ರ ಸೇರತೈತಿ. ಹೊಳಿ ಆಚೆ ಮಗ್ಗಲಕ ಅಘನಾಶಿನಿ, ಕಾಗಾಲ, ಬಾಡ ಅಂತ ಊರು ಅದಾವ. ಕಾಗಾಲದ ದಂಡಿಗೆ ಹೊರಗಿನವರು ನಿರ್ವಾಣ ಬೀಚ್ ಅಂತಾರ. ಮ್ಯಾಪಿನಾಗ ಆ ಹೆಸರಿಲೇ ಹುಡುಕ್ರಿ. ಉದ್ದಕ ಉಸುಕು, ಹಿಂದ ಗಾಳಿಮರ, ಅದರ ಹಿಂದ ತೆಂಗಿನ ತೋಟ, ನಡುವ ಮೀನುಗಾರರ ಮನಿ. ನೀವು ಕೇಳಿದ್ದು ಇದೇ.

ದಾರಿ: ಗದಗ–ಹುಬ್ಬಳ್ಳಿ ರೈಲಿಗೆ ಬರ್ರಿ, ಬಸ್ಸಿಗಿಂತ ಸೋವಿ. ಮುಂದ ರೈಲಿನ ಆಸೆ ಬಿಡ್ರಿ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇನ್ನೂ ಆಗಿಲ್ಲ, ಲೋಂಡಾ–ಮಡಗಾಂವ ಸುತ್ತಿದ್ರ ಒಂದು ದಿನಾನೇ ಹೋಗತೈತಿ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ. ಕುಮಟಾಕ್ಕ ನೇರ ಬಸ್ ಸಿಗಲಿಲ್ಲಂದ್ರ ಕಾಯಬ್ಯಾಡ್ರಿ. ಅಂಕೋಲಾ ಅಥವಾ ಕಾರವಾರದ ಬಸ್ ಹತ್ತಿ ಅಂಕೋಲಾದಾಗ ಇಳೀರಿ, ಅಲ್ಲಿಂದ ಹೆದ್ದಾರಿ 66ರ ಮ್ಯಾಲೆ ಕುಮಟಾ ಕಡೆ ಹೋಗೂ ಬಸ್ ಬರ್ತಾವ. ಘಾಟಿನಾಗ ತಿರುವು ಭಾಳ. ಹೊಟ್ಟಿ ತೊಳಸೋರು ಮುಂದಿನ ಸೀಟ್ ಹಿಡೀಬೇಕು, ಯಲ್ಲಾಪುರದಾಗ ಹೊಟ್ಟಿ ಬಿರಿಯಂಗ ತಿನ್ನಬಾರದು. ಕುಮಟಾದಿಂದ ಬಾಡ, ಕಾಗಾಲ, ಅಘನಾಶಿನಿ ಕಡೆ ಊರ ಬಸ್ ಅದಾವ. ಸಂಜಿ ಕಡೀ ಬಸ್ ಎಷ್ಟಕ್ಕ ಅನ್ನೂದು ಇಳಿದ ಕೂಡಲೇ ಕೇಳಿಟ್ಕೋರಿ. ಅದು ತಪ್ಪಿದ್ರ ಆಟೋದವರು ಹೇಳಿದ್ದೇ ದರ.

ಗೋಕರ್ಣ ನೋಡೂದಿದ್ರ ಎರಡನೇ ದಿನ ಮುಂಜಾನೆ ಅಘನಾಶಿನಿ ಊರಿಂದ ದೋಣಿ ದಾಟಿ ತದಡಿಗೆ ಬರ್ರಿ, ಅಲ್ಲಿಂದ ಗೋಕರ್ಣಕ್ಕ ಬಸ್. ರಸ್ತೆ ಮ್ಯಾಲೆ ಹೋದ್ರ ಮಿರ್ಜಾನ್ ಕಡೆಯಿಂದ ದೊಡ್ಡ ಸುತ್ತು.

ಶನಿವಾರ, ರವಿವಾರ ಬಿಟ್ಟು ಹೋಗ್ರಿ. ಮಹಾಶಿವರಾತ್ರಿ ಮುಂದ ಹಿಂದ ಅಂತೂ ಗೋಕರ್ಣದ ಜಾತ್ರಿ, ಆ ಸೀಮ್ಯಾಗ ರೂಮಿನ ದರ ಏರತಾವ.

ಕುಮಟಾದ ಸೊಸೆ, ಈಗ ಸಪ್ತಾಪುರ:
ದಾರಿ ಸರಿಯಾಗಿ ಹೇಳಿದ್ದಾರೆ. ನೀರಿನ ವಿಷಯ ನಾನು ಹೇಳುತ್ತೇನೆ, ತಮ್ಮಾ. ದಯವಿಟ್ಟು ಇದನ್ನು ನಿಮ್ಮ ಗೆಳೆಯನಿಗೂ ಓದಿಸಿ.

ಬಾವಿಯ ಈಜು ಸಮುದ್ರದಲ್ಲಿ ಲೆಕ್ಕಕ್ಕಿಲ್ಲ. ಬಾವಿಯ ನೀರು ಯಾರನ್ನೂ ಎಳೆಯುವುದಿಲ್ಲ. ಇಲ್ಲಿ ತೆರೆ ತಂದು ಸುರಿದ ನೀರು ವಾಪಸು ಹೋಗಲು ಒಂದು ಕಡೆ ಓಣಿ ಮಾಡಿಕೊಳ್ಳುತ್ತದೆ. ಆ ಜಾಗದಲ್ಲಿ ತೆರೆ ಒಡೆಯುವುದಿಲ್ಲ, ನೊರೆ ಕಡಿಮೆ, ನೀರಿನ ಬಣ್ಣ ಸ್ವಲ್ಪ ಕಪ್ಪು. ಹೊಸಬರು ಅದನ್ನೇ ಶಾಂತ ಜಾಗ ಎಂದುಕೊಂಡು ಇಳಿಯುತ್ತಾರೆ, ಸೆಳೆತಕ್ಕೆ ಸಿಗುತ್ತಾರೆ. ಸಿಕ್ಕರೆ ದಂಡೆಯ ಕಡೆ ನೇರ ಈಜಬಾರದು. ಸೆಳೆತದ ಎದುರು ಕೈಸೋತು ಮುಳುಗುವುದು ಹಾಗೇ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ತೆರೆಯ ಜೊತೆ ಓರೆಯಾಗಿ ದಡಕ್ಕೆ ಬನ್ನಿ. ಶಕ್ತಿ ಸಾಲದಿದ್ದರೆ ಅಂಗಾತ ತೇಲುತ್ತ ಕೈ ಎತ್ತಿ ಕೂಗಿ. ಈಜು ಬಾರದವರಿಗೆ ಮೊಣಕಾಲು ನೀರೇ ಗಡಿ.

ಅಘನಾಶಿನಿಯ ಅಳಿವೆ ಬಾಯಿಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವಲ್ಲಿ, ಇಳಿಯಲೇಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರು, ಉಬ್ಬರದಲ್ಲಿ ಒಳಬಂದ ನೀರು ಎರಡೂ ಕೂಡಿ ಹೊರಗೆ ಓಡುತ್ತವೆ. ಹಿನ್ನೀರಿನ ಕೆಸರುಸುಕಿನಲ್ಲಿ ಬಳಚಿನ ಚಿಪ್ಪು ಕಾಲು ಕೊಯ್ಯುತ್ತದೆ. ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನು ಉಸುಕಿನಡಿ ಮಲಗಿರುತ್ತದೆ. ಹೆಜ್ಜೆ ಎತ್ತಿಡದೆ ಪಾದ ಎಳೆಯುತ್ತ ನಡೆದರೆ ಅದೇ ಸರಿದು ಹೋಗುತ್ತದೆ.

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ತಾಸು ಚಿಲ್ಲರೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಮೊದಲ ದಿನ ಮೀನುಗಾರರನ್ನು ಕೇಳಿದರೆ ಮರುದಿನದ ಲೆಕ್ಕ ನೀವೇ ಹಾಕಬಹುದು. ದಂಡೆಯಲ್ಲಿ ದೂರ ನಡೆಯುವುದಾದರೆ ಇಳಿತದಲ್ಲಿ ಹೊರಡಿ, ಆಗ ಉಸುಕು ಗಟ್ಟಿ. ಬಂಡೆ ದಾಟಿ ಹೋದವರು ಉಬ್ಬರಕ್ಕೆ ಮೊದಲೇ ಹಿಂತಿರುಗಬೇಕು.

ಗೆಳೆಯನಿಗೆ ನಿಶ್ಚಿಂತೆಯಿಂದ ನೀರಾಡಬೇಕಿದ್ದರೆ ಅರ್ಧ ದಿನ ಹೊನ್ನಾವರದ ಕಾಸರಕೋಡಿಗೆ ಹೋಗಿ. ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ಬೀಚ್. ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ ಎಲ್ಲ ಇವೆ.

ಬೆಟಗೇರಿ ಹುಡುಗ:
ಅಕ್ಕಾರ, ಓದಿಸ್ತೀನ್ರಿ. ಅಳಿವೆ ಕಡೆ ಹೋಗೂದಿಲ್ಲ. ಟೆಂಟಿನ ವಿಚಾರ ಯಾರೂ ಹೇಳಲಿಲ್ಲ. ಊಟಕ್ಕೇನು ಒಯ್ಯಬೇಕು?

ಹಾನಗಲ್ ದಾರಿ:
ಟೆಂಟ್ ಬ್ಯಾಡ. ಗೋಕರ್ಣದ ಕಡೆ ದಂಡಿ ಮ್ಯಾಲೆ ಮಲಗಿದವರನ್ನ ಪೊಲೀಸರು ಎಬ್ಬಿಸ್ತಾರ, ಪ್ಯಾರಡೈಸ್ ಬೀಚಿನ ಗುಡಿಸಲು ತೆಗೆಸಿದ್ದೂ ಅದು ಅರಣ್ಯ ಜಾಗ ಅಂತ. ಇನ್ನೊಂದು ಮಾತು: ಚಳಿಗಾಲದಾಗ ಈ ಕರಾವಳಿಗೆ ಆಲಿವ್ ರಿಡ್ಲಿ ಆಮೆ ರಾತ್ರಿ ತತ್ತಿ ಇಡಾಕ ಬರ್ತಾವ. ಬೆಂಕಿ, ಬ್ಯಾಟರಿ ಬೆಳಕು ಕಂಡ್ರ ತಿರುಗಿ ಹೋಗತಾವ, ಮರಿಗಳು ಸಮುದ್ರ ಬಿಟ್ಟು ಬೆಳಕಿನ ಕಡೆ ಹರೀತಾವ. ರಾತ್ರಿ ದಂಡಿ ಅವುಕ ಬಿಡ್ರಿ.

ರೊಕ್ಕ ಹಿಂಗ ಹಂಚ್ರಿ: ಪ್ರಯಾಣಕ್ಕ 1,400, ಎರಡು ರಾತ್ರಿ ರೂಮಿಗೆ 2,000, ಊಟಕ್ಕ 1,000, ಕೈಯಾಗ 600. ರೂಮು ವಾರದ ನಡುವಿನ ದಿನ ಮನಿ ಹೋಮ್‌ಸ್ಟೇದಾಗ, ಎಸಿ ಇಲ್ಲದ್ದು ಕೇಳ್ರಿ. ಮುಂಗಡ ಕೊಡೋ ಮೊದಲ ದಂಡಿಗೆ ಎಷ್ಟು ನಡೀಬೇಕು, ರಾತ್ರಿ ಊಟ ಕೊಡ್ತಾರೇನು, ಎರಡೂ ಫೋನಿನಾಗ ಖಾತ್ರಿ ಮಾಡ್ಕೋರಿ. ಬೀಚ್ ಹತ್ರ ಅಂದದ್ದು ಎರಡು ಕಿಲೋಮೀಟರ್ ಇರಬಹುದು.

ಬುತ್ತಿಗೆ ಕಟಕ ರೊಟ್ಟಿ 12, ಶೇಂಗಾ ಚಟ್ನಿಪುಡಿ ಕಾಲು ಕೆಜಿ, ಉಳ್ಳಾಗಡ್ಡಿ ನಾಕು. ಸಮುದ್ರದ ಹಸಿ ಗಾಳಿಗೆ ರೊಟ್ಟಿ ಮೆತ್ತಗಾಗತಾವ, ಸ್ಟೀಲ್ ಡಬ್ಬಿಯಾಗ ಬಿಗಿಯಾಗಿ ಮುಚ್ಚಿಡ್ರಿ. ಮೊಸರನ್ನ ಮೊದಲನೇ ಊಟಕ್ಕಷ್ಟ. ಅಲ್ಲಿ ಸೆಕಿಗೆ ಸಂಜಿ ತನಕ ಉಳಿಯೂದಿಲ್ಲ. ಮೀನು ತಿನ್ನೋರಿದ್ರ ಮಧ್ಯಾಹ್ನ ಕುಮಟಾ ಪ್ಯಾಟ್ಯಾಗ ಮೀನೂಟ ಮಾಡ್ರಿ, ಬೀಚ್ ಹೋಟೆಲಿಗಿಂತ ಸೋವಿ.

ದಂಡಿಗೆ ಹೋಗುವಾಗ ತಲಿಗೆ ಮೂರು ಲೀಟರ್ ನೀರು. ಬೆವರು ಜಾಸ್ತಿ ಹರದು ಸುಸ್ತಾದ್ರ ಒಂದು ಲೀಟರ್ ನೀರಿಗೆ ಸಕ್ಕರಿ ಆರು ಚಹಾ ಚಮಚ, ಉಪ್ಪು ಅರ್ಧ ಚಮಚ, ಎರಡೂ ಮಟ್ಟಸ. ಉಪ್ಪು ಹೆಚ್ಚು ಹಾಕಬ್ಯಾಡ್ರಿ, ಕೆಡಕಾಗತೈತಿ. ಹಿಂದ ಪಟ್ಟಿ ಇರೋ ಚಪ್ಪಲಿ, ಮೊಬೈಲಿಗೆ ಎರಡು ಪ್ಲಾಸ್ಟಿಕ್ ಚೀಲ, ಕಸಕ್ಕೊಂದು ದೊಡ್ಡ ಚೀಲ. ಅಲ್ಲಿ ಕಸದ ಗಾಡಿ ದಂಡಿ ತನಕ ಬರೂದಿಲ್ಲ, ನಿಮ್ಮ ಬಾಟ್ಲಿ ನೀವೇ ಕುಮಟಾ ತನಕ ತರಬೇಕು.

ಮರಳಿ ಬರುವಾಗ ಶಿರಸಿ ಮ್ಯಾಲಿಂದ ಬಂದ್ರ ಊರು ನೋಡಿದಂಗೂ ಆಗತೈತಿ, ಆದ್ರ ದೇವಿಮನೆ ಘಾಟಿನಾಗ ಸಂಚಾರ ಆಗಾಗ ಬಂದ್ ಮಾಡ್ತಾರ. ಕುಮಟಾ ನಿಲ್ದಾಣದಾಗ ಹಿಂದಿನ ದಿನ ಕೇಳ್ರಿ. ಮಧ್ಯಾಹ್ನ ಹನ್ನೆರಡರೊಳಗ ಕುಮಟಾ ಬಿಟ್ರ ಹುಬ್ಬಳ್ಳಿಯೊಳಗ ಗದಗಿನ ರೈಲೋ ಬಸ್ಸೋ ಸಿಗತೈತಿ.

ಉಣಕಲ್ ಕೆರಿ ದಂಡಿ:
ಮಳಿಗಾಲಕ್ಕ ಮುಂದ ಹಾಕೋ ವಿಚಾರ ಬಂದ್ರ ಕೈಬಿಡ್ರಿ. 2024ರ ಜುಲೈದಾಗ ಶಿರೂರಿನ ಗುಡ್ಡ ಕುಸಿದದ್ದು ಇದೇ ಅಂಕೋಲಾ–ಕುಮಟಾ ಹೆದ್ದಾರಿ ಮ್ಯಾಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಮುದ್ರಕ್ಕಿಳಿಯೂ ಹಂಗೂ ಇಲ್ಲ.